ಬಾಯಲ್ಲಿ ಆಲೂಗಡ್ಡೆ

ಗಂಡನ ಶವಸಂಸ್ಕಾರ ಮುಗಿದು ನೆಂಟರೆಲ್ಲ ರೈಲು ಹತ್ತಿದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ, ಸ್ಟೀನೆ ಕಾಫಿಪುಡಿ ಹುಡುಕುತ್ತ ಮೇಲಿನ ಕಪಾಟಿಗೆ ಕೈ ಹಾಕಿದಳು. ಸಿಕ್ಕಿದ್ದು ಕಾಫಿಪುಡಿಯಲ್ಲ, ಪಡ್ಡಿನ ಹೆಂಚಿನ ಹಾಗೆ ಗುಳಿಗಳಿದ್ದ ಭಾರವಾದ ಕಬ್ಬಿಣದ ಹೆಂಚು.

ಕ್ರಿಸ್‌ಮಸ್ಸಿಗೆ ಅವಳ ತವರು ಡೆನ್ಮಾರ್ಕಿನ ಉಂಡೆದೋಸೆ ಮಾಡಿಕೊಡುತ್ತೇನೆಂದು ಗಂಡ ಎಸ್ಪೆನ್ ಅದನ್ನು ಎರವಲು ತಂದಿದ್ದ. "ಇದೇ ವಠಾರದವರದ್ದು. ಯಾರದು ಅಂತ ಮಾತ್ರ ಕೇಳ್ಬೇಡ, ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ" ಎಂದಿದ್ದ. ಉಂಡೆಗಳು ಇದ್ದಲಾಗಿದ್ದವು. ಇಬ್ಬರೂ ಅವನ್ನೇ ತಿಂದಿದ್ದರು.

ಅವತ್ತು ವಠಾರದ ವಸಂತದ ಶ್ರಮದಾನ. ಜ್ವರ ಬಂದರೂ ತಪ್ಪಿಸಿಕೊಳ್ಳುವಂತಿಲ್ಲ. ಹೇಗೂ ಎಲ್ಲರೂ ಅಂಗಳದಲ್ಲಿರುತ್ತಾರೆ, ಕೇಳಿ ಕೊಟ್ಟುಬಿಡೋಣ ಎಂದು ಸ್ಟೀನೆ ಹೆಂಚನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದಳು.

ಕೇಳುವುದೇ ಕಷ್ಟದ ಕೆಲಸವಾಗಿತ್ತು. ಅವಳ ಭಾಷೆ ಡೇನಿಷ್, ನಾರ್ವೆಯ ಟ್ರೋನ್‌ಹೈಮಿನ ಆ ವಠಾರದ್ದು ನಾರ್ವೇಜಿಯನ್. ಕಾಗದದ ಮೇಲೆ ಎರಡೂ ಅಕ್ಕತಂಗಿಯರು, ಬಾಯಿಬಿಟ್ಟರೆ ವಾರಗಿತ್ತಿಯರು. ಡೇನರು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡುತ್ತಾರೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಸ್ಟೀನೆಯ ಕಿವಿಗೋ ನಾರ್ವೆಯವರ ಪ್ರತಿ ಮಾತೂ ಕೊನೆಯಲ್ಲಿ ಮರಿಮೇಕೆಯಂತೆ ಮೇಲಕ್ಕೆ ಜಿಗಿಯುತ್ತಿತ್ತು. ಎಸ್ಪೆನ್‌ನ ಸಾವಿನ ಬಗ್ಗೆ ಪಾದ್ರಿ ಹೇಳಿದ್ದು ಕೂಡ ಹುಟ್ಟುಹಬ್ಬಕ್ಕೆ ಕರೆದ ಹಾಗೆ ಕೇಳಿಸಿತ್ತು. ಇಷ್ಟು ವರ್ಷ ಅವಳು ಆಡಿದ್ದನ್ನು ಪಕ್ಕದಲ್ಲಿ ನಿಂತು ಎಸ್ಪೆನ್ ನಾರ್ವೇಜಿಯನ್ನಿನಲ್ಲಿ ಇನ್ನೊಮ್ಮೆ ಆಡುತ್ತಿದ್ದ.

"ಟೋರಿಲ್, ಈ ಹೆಂಚು ನಿಮ್ಮದಾ?"

ಕೆಳಮನೆಯ ಟೋರಿಲ್ ಕಸಬರಿಗೆ ಬಿಸಾಕಿ ಅವಳನ್ನು ಬಾಚಿ ತಬ್ಬಿಕೊಂಡಳು. "ಅಳು ಕಣಮ್ಮ, ಚೆನ್ನಾಗಿ ಅತ್ತುಬಿಡು."

"ಅಳ್ತಿಲ್ಲ, ಹೆಂಚು..."

"ಪಾಪ, ದುಃಖಕ್ಕೆ ಮಾತು ಇನ್ನೂ ನುಂಗಿಹೋಗ್ತಿದೆ!" ಎಂದು ಟೋರಿಲ್ ಇನ್ನೂ ಬಿಗಿಯಾಗಿ ತಬ್ಬಿದಳು. ಹೆಂಚಿನ ಹಿಡಿ ಸ್ಟೀನೆಯ ಪಕ್ಕೆಲುಬಿಗೆ ಒತ್ತಿತು.

ಬೇಲಿಗೆ ಬಣ್ಣ ಬಳಿಯುತ್ತಿದ್ದ ಸ್ವೀಡನ್ನಿನ ಲೆನ್ನಾರ್ಟ್ ಸಮಾಧಾನ ಹೇಳಲು ಬಂದ. "ಬೇಜಾರಾಗ್ಬೇಡ ಸ್ಟೀನೆ. ಸ್ಟಾಕ್‌ಹೋಮಲ್ಲಿ ನಾವೂ ನಿಮ್ಮವರ ಸಿನಿಮಾನ ಕೆಳಗಡೆ ಬರೋ ಅಕ್ಷರ ಓದ್ಕೊಂಡೇ ನೋಡೋದು."

"ನೀನು ಸುಮ್ನಿರೋ," ಎಂದಳು ಟೋರಿಲ್. "ನೀನು ಬಾಯಿಬಿಟ್ರೆ ಟೀವಿಲಿ ಸೋಪು ಮಾರೋನ ಹಾಗೆ ಕೇಳ್ಸುತ್ತೆ."

ಸ್ಟೀನೆ ಹೆಂಚು ಎತ್ತಿ ತೋರಿಸಿದಳು. ಲೆನ್ನಾರ್ಟ್ ಅದಕ್ಕೆ ಬಣ್ಣ ಸುರಿದುಕೊಂಡು, "ಗುಳಿಗೊಂದು ಬಣ್ಣ, ಒಳ್ಳೇ ಉಪಾಯ!" ಎಂದ. ಅವಳು ಅದನ್ನು ಕಿತ್ತುಕೊಂಡು ನಲ್ಲಿಗೆ ಓಡಿದಳು.

ತೊಳೆದು ಬರುವಷ್ಟರಲ್ಲಿ ಊಟದ ಮೇಜಿನ ತುದಿಯಲ್ಲಿ ವಠಾರದ ಅಧ್ಯಕ್ಷ ಥೋರ್‌ಲೈಫ್ ಎದ್ದು ನಿಂತಿದ್ದ. ತಾನು ನಾರ್ವೆಯ ದಕ್ಷಿಣದ ಕರಾವಳಿಯವನು, ಅದಕ್ಕೇ ಮಾತು ಸ್ವಲ್ಪ ಮೆತ್ತಗೆ ಎಂದು ಹೇಳಿಕೊಳ್ಳುವವನು. ಸ್ಟೀನೆ ಬಾಯಿ ತೆರೆದರೆ ಎಲ್ಲರಿಗಿಂತ ಮೊದಲು "ಹಾಂ?" ಎನ್ನುವವನೂ ಅವನೇ.

"ಎಸ್ಪೆನ್ ಇಲ್ಲ. ಇನ್ಮೇಲೆ ಸ್ಟೀನೆ ನಮ್ಮ ಜೊತೆ ಇಂಗ್ಲಿಷಲ್ಲೇ ಮಾತಾಡ್ಲಿ. ಎಲ್ಲರಿಗೂ ಅನುಕೂಲ. ಒಪ್ಪೋರು ಕೈಯೆತ್ತಿ."

ಎಸ್ಪೆನ್‌ನ ಜೊತೆ ಸ್ಟೀನೆ ಒಂದು ದಿನವೂ ಇಂಗ್ಲಿಷ್ ಆಡಿರಲಿಲ್ಲ. ಅವನ ಭಾಷೆ ಅವನಿಗೆ, ಅವಳದು ಅವಳಿಗೆ, ಅದೇ ಅವರ ಸಂಸಾರ. ಅವನ ಊರಿನಲ್ಲೇ ಪ್ರವಾಸಿಯ ಹಾಗೆ ಬದುಕುವುದಾದರೆ ನಾಳೆಯೇ ಪೆಟ್ಟಿಗೆ ಕಟ್ಟಿ ತವರಿಗೆ ಹೊರಡಬೇಕು. ಕನಿಕರದ ಮುಖ ಹೊತ್ತವರ ಕೈಗಳು ಒಂದೊಂದಾಗಿ ಮೇಲೇಳುತ್ತಿದ್ದವು.

ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಗಳಿದ್ದವು. ಸ್ಟೀನೆ ದಪ್ಪದೊಂದನ್ನು ಆರಿಸಿ ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಆಲೂಗಡ್ಡೆ ಅಂತೀರಲ್ಲ, ತಗೊಳ್ಳಿ! ಕಣ್ಣಿಗೆ ಬಿದ್ದದ್ದನ್ನು ಹಳ್ಳಿಯ ಡೇನಿಷಿನಲ್ಲಿ ಗಡಗಡ ಹೇಳಿಬಿಟ್ಟಳು: "ಅಧ್ಯಕ್ಷರೇ, ನಿಮ್ಮ ಎಡಗಾಲಿನ ಬೂಟಿನ ದಾರ ಬಿಚ್ಚಿದೆ."

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಟೋರಿಲ್ ತಬ್ಬಿಕೊಳ್ಳಲು ಎದ್ದಳು.

ಥೋರ್‌ಲೈಫ್ ಬಗ್ಗಿ ಎಡಗಾಲಿನ ಬೂಟಿನ ದಾರ ಕಟ್ಟಿಕೊಂಡ.

ಎತ್ತಿದ ಕೈಗಳು ಎತ್ತಿದಂತೆಯೇ ನಿಂತವು.

"ಯಾವೂರು ನಿಮ್ದು?" ಎಂದಳು ಸ್ಟೀನೆ, ಆಲೂಗಡ್ಡೆಯನ್ನು ಇನ್ನೊಂದು ದವಡೆಗೆ ಸರಿಸಿ.

"ರಾಂಡರ್ಸ್," ಎಂದುಬಿಟ್ಟ ಅವನು. ಅದು ಡೆನ್ಮಾರ್ಕಿನ ಊರು. ಹೆಸರಿನ ಅರ್ಧವನ್ನು ಹಾಗೆ ಗುಳುಂ ಮಾಡುವುದು ಅಲ್ಲಿ ಹುಟ್ಟಿದವರಿಗೆ ಮಾತ್ರ ಸಾಧ್ಯ.

"ಅಯ್ಯೋ ಕಳ್ಳಾ!" ಟೋರಿಲ್ ಸೊಂಟಕ್ಕೆ ಕೈಯಿಟ್ಟಳು. "ಕರಾವಳಿಯಂತೆ ಕರಾವಳಿ!"

"ಹಾಗಿದ್ರೆ ಅಧ್ಯಕ್ಷನೂ ಇಂಗ್ಲಿಷಲ್ಲೇ ಮಾತಾಡ್ಲಿ," ಎಂದ ಲೆನ್ನಾರ್ಟ್. ಥೋರ್‌ಲೈಫ್ ಎಲ್ಲರಿಗಿಂತ ಮೊದಲು ಕೈ ಇಳಿಸಿದ. ಉಳಿದವೂ ಇಳಿದವು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಅಂಗಳವೇ ತಟ್ಟಿತು. ಯುದ್ಧ ಗೆದ್ದ ರಾಣಿಯ ಹಾಗೆ ಸ್ಟೀನೆ ಆಲೂಗಡ್ಡೆಯನ್ನು ನುಂಗಿದಳು.

"ನಂಗೆ ಅನುವಾದ ಬೇಡ, ನಿಮ್ಮ ಕಿವಿ ಸಾಕು," ಎಂದಳು, ಒಂದೊಂದೇ ಮಾತು ಬಿಡಿಸಿ.

ಎಲ್ಲರೂ ಥೋರ್‌ಲೈಫ್‌ನ ಮುಖ ನೋಡಿದರು. ಅವನು ಯಾವತ್ತೂ ಆಡುತ್ತಿದ್ದ ಅದೇ ನಾರ್ವೇಜಿಯನ್ನಿನಲ್ಲಿ ಅದನ್ನು ಹೇಳಿದ. ಟೋರಿಲ್ ಹುಬ್ಬು ಗಂಟಿಕ್ಕಿ ಲೆನ್ನಾರ್ಟ್‌ನ ಕಡೆ ತಿರುಗಿದಳು.

"ಏನಂದ ಇವನು? ಇಷ್ಟು ದಿನ ಚೆನ್ನಾಗೇ ಅರ್ಥ ಆಗ್ತಿತ್ತಲ್ಲೋ! ಇದೇನು ಗಂಟ್ಲೊಳಗೇ ಮಾತಾಡ್ತಾನೆ?"

ಸಂಜೆ ಸ್ಟೀನೆ ಹೆಂಚು ಹಿಡಿದು ಥೋರ್‌ಲೈಫ್‌ನ ಬಾಗಿಲು ತಟ್ಟಿದಳು. ಅವನು ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಡೇನಿಷಿನಲ್ಲಿ ಏನೋ ಹೇಳಿದ. ಎಷ್ಟೋ ವರ್ಷ ಆಡದ ಡೇನಿಷ್; ಪ್ರತಿ ಮಾತೂ ಕೊನೆಯಲ್ಲಿ ಜಿಗಿಯುತ್ತಿತ್ತು.

"ಹಾಂ?" ಎಂದಳು ಸ್ಟೀನೆ.

ಅವನು ನಿಧಾನವಾಗಿ ಮತ್ತೆ ಹೇಳಿದ. "ಎಸ್ಪೆನ್ ಒಬ್ಬನಿಗೆ ಗೊತ್ತಿತ್ತು. ಯಾರ ಹತ್ರಾನೂ ಬಾಯಿಬಿಡ್ಲಿಲ್ಲ, ಅಂದೆ."

"ಬಣ್ಣ ಹೋಯ್ತು," ಎಂದಳು ಅವಳು. "ತಳದ ಕರಿಕು ಹೋಗಿಲ್ಲ. ಅವನು ಸೀಯಿಸಿದ್ದು."

"ಇರ್ಲಿ ಬಿಡಿ," ಎಂದು ಅವನು ಕೈಚಾಚಿದ. ಸ್ಟೀನೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದು ನಿಂತು, ಆಮೇಲೆ ಕೊಟ್ಟಳು.