ಇಸವಿಯಿಲ್ಲದ ಇಪ್ಪತ್ತು ಪೆನ್ಸ್

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಲಗೇಜು ಸಾಗಿಸುವ ಭುಜಂಗ ಶೆಟ್ಟರ ತಲೆಗೆ ಹುಳ ಹೊಕ್ಕಿದ್ದು ಕ್ಯಾಂಟೀನಿನಲ್ಲಿ. ಯಾರೋ ಬಿಟ್ಟುಹೋಗಿದ್ದ ಪತ್ರಿಕೆಯಲ್ಲಿ ಒಂದು ಸುದ್ದಿಯಿತ್ತು. ಟಂಕಸಾಲೆಯಲ್ಲಿ ಅಚ್ಚು ಅದಲುಬದಲಾಗಿ ಕೆಲವು ಇಪ್ಪತ್ತು ಪೆನ್ಸಿನ ನಾಣ್ಯಗಳು ಇಸವಿಯೇ ಇಲ್ಲದೆ ಹೊರಬಿದ್ದಿವೆ. ಅಂಥದ್ದೊಂದಕ್ಕೆ ಐವತ್ತು ಪೌಂಡು ಕೊಡುವವರಿದ್ದಾರೆ. ಸುದ್ದಿಯ ಉಳಿದರ್ಧದ ಮೇಲೆ ಯಾರೋ ಚಹಾ ಚೆಲ್ಲಿದ್ದರು. ಓದಲು ಸಿಕ್ಕಷ್ಟೇ ಸಾಕು ಅಂದುಕೊಂಡರು ಶೆಟ್ಟರು.

ಶನಿವಾರ ಬ್ಯಾಂಕು ಬಾಗಿಲು ತೆರೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲಿದ್ದರು. ಹೆಂಡತಿ ಅಕ್ಕು ಹೊಸ ಕಾರ್ಪೆಟ್ಟಿಗೆಂದು ಕೂಡಿಟ್ಟಿದ್ದ ಹಣವನ್ನಷ್ಟೂ ಇಪ್ಪತ್ತು ಪೆನ್ಸಿನ ಚಿಲ್ಲರೆಯಾಗಿ ಕೇಳಿದರು. ಕೌಂಟರಿನ ಹೆಂಗಸು ಚೀಲಗಳನ್ನು ಒಂದೊಂದಾಗಿ ಈಚೆ ತಳ್ಳುತ್ತ, "ಚಿಲ್ಲರೆ ಹಾಕಿ ಬಟ್ಟೆ ಒಗೆಯೋ ಲಾಂಡ್ರಿ ತೆಗೀತಿದ್ದೀಯಾ, ಲವ್?" ಎಂದು ಆ ಊರಿನ ರೂಢಿಯ ಅಕ್ಕರೆಯಲ್ಲಿ ವಿಚಾರಿಸಿದಳು.

ಭಾರಕ್ಕೆ ಒಂದು ಕಡೆ ವಾಲಿಕೊಂಡು, ಅರ್ಧ ಕಡಿದ ಬಾಳೆಗಿಡದ ಹಾಗೆ ಬರುತ್ತಿದ್ದ ಶೆಟ್ಟರನ್ನು ಪಕ್ಕದ ಮನೆಯ ಡಾಕ್ಟರ್ ಅಚ್ಯುತ ಬೇಲಿಯಾಚೆಯಿಂದ ನೋಡಿದರು. ಅವರು ಮೂಳೆ ಡಾಕ್ಟರು. ಯಾರು ನೆಟ್ಟಗೆ ನಡೆಯದಿದ್ದರೂ ಅವರಿಗೆ ಸಂಕಟ.

"ಸೊಂಟ ಹಿಡ್ಕೊಂಡಿದ್ಯಾ ಶೆಟ್ರೇ?"

"ಏನಿಲ್ಲ ಡಾಕ್ಟ್ರೇ, ಸ್ವಲ್ಪ ಸಾಮಾನು."

ಆಗಲೇ ಸಾಮಾನು ಝಣ್ಣೆಂದಿತು. ಡಾಕ್ಟರು ಕಾರು ತೊಳೆಯುವ ಸ್ಪಂಜು ಕೈಯಲ್ಲಿದ್ದಂತೆಯೇ ಹಿಂದೆ ಬಂದರು. ವಿಷಯ ಕೇಳಿದ ಮೇಲೆ ಊಟದ ಮೇಜಿನ ಯಜಮಾನಿಕೆಯನ್ನೂ ವಹಿಸಿಕೊಂಡರು.

"ಮೊದ್ಲು ಟವೆಲ್ ಹಾಸಿ. ನಾಣ್ಯ ಉಜ್ಜಬಾರ್ದು, ಉಜ್ಜಿದ್ರೆ ಬೆಲೆ ಹೋಗುತ್ತೆ. ನೋಡಿದ್ದು ಆ ಕಡೆ, ನೋಡ್ದೇ ಇರೋದು ಈ ಕಡೆ. ಬೆರಕೆ ಮಾಡ್ಬೇಡಿ."

"ನೀವು ಮೊದ್ಲು ಹುಡುಕಿದ್ದುಂಟಾ?"

"ಇಲ್ಲ. ಆದ್ರೆ ಆಪರೇಷನ್ನಿಗೂ ಇದೇ ಕ್ರಮ."

ಶೆಟ್ಟರು ಮೊದಲ ನಾಣ್ಯ ಹಿಡಿದರು. ರಾಣಿಯ ಮುಖ, ಸುತ್ತ ಅಕ್ಷರ. ಇಸವಿ ಇಲ್ಲ! ಡಾಕ್ಟರು ಭೂತಗನ್ನಡಿ ಹಿಡಿದರು. ಇಲ್ಲವೇ ಇಲ್ಲ! ಎರಡನೆಯದೂ ಹಾಗೆಯೇ. ಮೂರನೆಯದೂ. ಡಾಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. "ಶೆಟ್ರೇ, ಇಡೀ ಚೀಲಾನೇ ತಪ್ಪು ಅಚ್ಚಿಂದು ಕಣ್ರೀ!"

ಕಾರ್ಪೆಟ್ಟಿನ ಹಣ ಚಿಲ್ಲರೆಯಾದದ್ದು ಕೇಳಿ ಸೌಟು ಹಿಡಿದೇ ಬಂದಿದ್ದ ಅಕ್ಕು ರಾಶಿ ನೋಡಿ ಸೌಟು ಇಳಿಸಿದಳು. "ಹಾಗಾದ್ರೆ ಕಾರ್ಪೆಟ್ ಬೇಡ ಮಾರಾಯ್ರೆ, ಮರದ ನೆಲವೇ ಹಾಕಿಸುವ. ಮಹಡಿಗೂ." ಸಂತೋಷಕ್ಕೆ ನೀರುದೋಸೆ ಹೊಯ್ಯತೊಡಗಿದಳು. ದೋಸೆಯ ಜೊತೆ ನಾಳೆಗೆಂದು ಮಾಡಿಟ್ಟಿದ್ದ ಕೋಳಿ ಸಾರೂ ಹೊರಬಂತು.

ಎರಡು ದೋಸೆ ಹೊಟ್ಟೆಗೆ ಬಿದ್ದ ಶೆಟ್ಟರಿಗೆ ಧೈರ್ಯ ಹೆಚ್ಚಿತು. ಸೂಪರ್‌ವೈಸರಿಗೆ ಫೋನು ಹಚ್ಚಿ, ನಾಳೆಯ ಓವರ್‌ಟೈಮ್ ಬೇಡ, ನನ್ನ ಭಾನುವಾರಕ್ಕೆ ಈಗ ಬೇರೆ ಬೆಲೆ ಬಂದಿದೆ ಎಂದರು. ಅಷ್ಟು ಸೊಗಸಾದ ಇಂಗ್ಲಿಷನ್ನು ಅವರು ಅದುವರೆಗೆ ಆಡಿದ್ದಿಲ್ಲ.

ಗಂಡ ಸ್ಪಂಜು ಸಮೇತ ಎಲ್ಲಿ ಹೋದರೆಂದು ಹುಡುಕಿಕೊಂಡು ಡಾಕ್ಟರ ಹೆಂಡತಿ ವಿಜಯಾ ಬಂದಳು. ವಿಷಯ ಕೇಳಿ, ಮೇಜಿನ ಮೇಲಿನ ನಾಣ್ಯವೊಂದನ್ನು ಎತ್ತಿ ಮಗುಚಿದಳು.

"ಇಸವಿ ಇಲ್ಲಿದ್ಯಲ್ರೀ, ಹಿಂದ್ಗಡೆ!"

ಡಾಕ್ಟರು ಅಲ್ಲಿಗೂ ಭೂತಗನ್ನಡಿ ಹಿಡಿದರು. ಇತ್ತು.

"ನೀವಿಬ್ರೂ ಪೇಪರಿನ ಸುದ್ದಿ ಪೂರ್ತಿ ಓದಿಲ್ವಾ?" ವಿಜಯಾ ಕೇಳಿದಳು. "ಹಳೇ ನಾಣ್ಯದ ಹಿಂದೆ ಹೂವು, ಇಸವೀನೂ ಅಲ್ಲೇ. ಹೊಸಾದ್ರ ಹಿಂದೆ ಗುರಾಣಿ ಚಿತ್ರ, ಇಸವಿ ರಾಣಿ ಕಡೆ. ರಾಣಿ ಕಡೆ ಇಸವಿ ಇಲ್ದೆ ಹಿಂದೆ ಗುರಾಣಿ ಇದ್ರೆ, ಅದು ಐವತ್ತು ಪೌಂಡಿಂದು."

ಶೆಟ್ಟರು ಇನ್ನೂ ಏಳೆಂಟು ಮಗುಚಿದರು. ಎಲ್ಲದರಲ್ಲೂ ಹೂವು, ಹೂವಿನ ಕೆಳಗೆ ಇಸವಿ. ಉಳಿದವನ್ನು ನೋಡುವ ಚೈತನ್ಯ ಯಾರಿಗೂ ಇರಲಿಲ್ಲ. ಡಾಕ್ಟರಿಗೆ ಅರ್ಧ ತೊಳೆದ ಕಾರು ಥಟ್ಟನೆ ನೆನಪಾಯಿತು. ಶೆಟ್ಟರು ಸೂಪರ್‌ವೈಸರಿಗೆ ಮತ್ತೆ ಫೋನು ಮಾಡಿದರೆ, ಓವರ್‌ಟೈಮ್ ಆಗಲೇ ಜೊತೆ ಕೆಲಸದ ಮುರುಗೇಶನ ಪಾಲಾಗಿತ್ತು.

"ಬ್ಯಾಂಕ್ ಮುಚ್ಚುವ ಮೊದಲು ನನ್ನ ದುಡ್ಡು ವಾಪಸ್ ಹಾಕಿ ಬನ್ನಿ," ಎಂದಳು ಅಕ್ಕು. ಸೌಟು ಮತ್ತೆ ಮೇಲೆದ್ದಿತ್ತು.

ಕೌಂಟರಿನ ಹೆಂಗಸು ಚೀಲಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟಳು. ಕೊನೆಯ ಚೀಲ ತೂಕ ಹೆಚ್ಚು ತೋರಿಸಿತು. ಯಾರದೋ ಜೇಬಿನದು ಸೇರಿರಬೇಕು. "ಒಂದು ಜಾಸ್ತಿ ಇದೆ, ಲವ್," ಎಂದು ಮೇಲಿನದೊಂದನ್ನು ತೆಗೆದು ಅವರ ಅಂಗೈಗಿಟ್ಟಳು.

ರಾಣಿ ಅವರನ್ನು ನೋಡಿದಳು. ಇಸವಿ ಇಲ್ಲ. ಬೆಳಗಿನಿಂದ ಇದೇ ಮುಖ ನೋಡಿ ನೋಡಿ ರೇಜಿಗೆ ಹತ್ತಿದ್ದ ಶೆಟ್ಟರು, "ನೀನೂ ಅದೇ ಜಾತಿ," ಎಂದು ಬೈದು, ಪಕ್ಕದಲ್ಲಿದ್ದ ಪಾರದರ್ಶಕ ದಾನದ ಡಬ್ಬಿಗೆ ಹಾಕಿಬಿಟ್ಟರು.

ನಾಣ್ಯ ಜಾರಿ, ಎರಡು ಪಲ್ಟಿ ಹೊಡೆದು, ಡಬ್ಬಿಯ ಗೋಡೆಗೆ ಆತು ನಿಂತಿತು. ಈಗ ಅದರ ಬೆನ್ನು ಕಾಣುತ್ತಿತ್ತು. ಹೂವಿಲ್ಲ. ಗುರಾಣಿ!

ಶೆಟ್ಟರು ಡಬ್ಬಿಗೆ ಮೂಗು ಒತ್ತಿದರು. ಇಸವಿ ಈ ಕಡೆಯೂ ಇಲ್ಲ.

"ಇದನ್ನ... ಸ್ವಲ್ಪ ತೆಗೆಯೋಕಾಗುತ್ತಾ?"

"ಸೀಲ್ ಆಗಿದೆ, ಲವ್. ಆಶ್ರಮದವರೇ ಬಂದು ಒಡೀಬೇಕು."

"ಯಾವ ಆಶ್ರಮ?"

"ವಯಸ್ಸಾದ ಕತ್ತೆಗಳದ್ದು."

ಹಿಂದೆ ಸಾಲಿನಲ್ಲಿದ್ದ ಮುದುಕಿ, ಮುದಿ ಕತ್ತೆಗಳ ಬಾಯಿಂದ ಇಪ್ಪತ್ತು ಪೆನ್ಸ್ ಕಿತ್ತುಕೊಳ್ಳಲು ಹೊರಟ ಈ ಗಂಡಸನ್ನು ಕಣ್ಣಲ್ಲೇ ಸುಟ್ಟಳು. ಶೆಟ್ಟರು ಡಬ್ಬಿಯನ್ನೊಮ್ಮೆ ಮೆಲ್ಲಗೆ ತಟ್ಟಿ ಹೊರಬಿದ್ದರು. ಬರುವಾಗ ಕೈ ಹಗುರವಾಗಿತ್ತು, ಬಿಸಿಲು ಚೆನ್ನಾಗಿತ್ತು, ನಾಳೆ ಕೆಲಸವೂ ಇರಲಿಲ್ಲ. ಯಾಕೋ ನಗು ಬಂತು.

ಅಕ್ಕು ಉಳಿದ ಹಿಟ್ಟಿನಲ್ಲಿ ಅವರಿಗೆಂದೇ ದೋಸೆ ಹೊಯ್ಯುತ್ತಿದ್ದಳು. "ಎಲ್ಲ ಸರಿ ಇತ್ತಾ? ಕಮ್ಮಿ ಬರ್ಲಿಲ್ಲ ಅಲ್ವಾ?"

"ಒಂದು ಹೆಚ್ಚೇ ಬಂತು. ಕತ್ತೆಗೆ ಕೊಟ್ಟು ಬಂದೆ."

"ಎಂತ? ಯಾವ ಕತ್ತೆಗೆ?"

ಶೆಟ್ಟರು ತಟ್ಟೆ ಎಳೆದುಕೊಂಡು ಕೂತರು. "ತಗೊಂಡದ್ದು ಯಾವ ಕತ್ತೆಯೋ ಗೊತ್ತಿಲ್ಲ ಮಾರಾಯ್ತಿ. ಕೊಟ್ಟದ್ದು ಯಾವುದು ಅಂತ ಮಾತ್ರ ಗೊತ್ತುಂಟು."