ಬಾಗಿಲ ಅಂಕಿ ಮಾರೋನ ತಲೆನೋವು

ಚಿಕ್ಕಪೇಟೆಯ ಗಲ್ಲಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಮನೆ ಬಾಗಿಲಿಗೆ ಹಾಕೋ ಹಿತ್ತಾಳೆ ಅಂಕಿಗಳನ್ನ ಬಿಡಿಬಿಡಿಯಾಗಿ ಮಾರ್ತೀನಿ. ಇರೋದೇ ಹತ್ತು ಅಂಕಿ, ಇದರಲ್ಲೇನು ತಲೆನೋವು ಅಂತೀರಾ? ವಾರಕ್ಕೊಬ್ಬರಾದರೂ ಬಂದು ತಲೆ ತಿಂದೇ ಹೋಗ್ತಾರೆ.

ಹತ್ತು ಒಂಬತ್ತು

ಬಸವನಗುಡಿಯ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದರು. ನಿವೃತ್ತ ಹೆಡ್‌ಮಾಸ್ಟರು. ಒಂದರಿಂದ ನೂರರವರೆಗೆ ಫ್ಲ್ಯಾಟು.

"ಒಂಬತ್ತರ ಅಂಕಿ ಹತ್ತು ಕೊಡಿ."

"ಇಪ್ಪತ್ತು ಬೇಕಾಗುತ್ತೆ ಸಾರ್."

"ಒಂಬತ್ತು, ಹತ್ತೊಂಬತ್ತು, ಇಪ್ಪತ್ತೊಂಬತ್ತು... ತೊಂಬತ್ತೊಂಬತ್ತು. ಹತ್ತೇ. ನನಗೇ ಲೆಕ್ಕ ಹೇಳ್ತೀರಾ?"

ಹತ್ತೇ ಎಣಿಸಿ ಕೊಟ್ಟೆ. ಮಾರನೇ ದಿನ ಏದುಸಿರು ಬಿಡ್ತಾ ಬಂದರು. ತೊಂಬತ್ತರ ಬಾಗಿಲಿಗೇ ಒಂಬತ್ತು ಖಾಲಿಯಾಗಿತ್ತು. ತೊಂಬತ್ತೊಂದರಿಂದ ತೊಂಬತ್ತೊಂಬತ್ತರವರೆಗಿನವರೆಲ್ಲ ಅವರ ಮನೆ ಮುಂದೆ ನಿಂತು ಜಗಳವಂತೆ.

"ನಾನು ನಿನ್ನೆನೇ ಹೇಳಿದ್ನಲ್ಲ ಸಾರ್?"

"ಹೇಳಿದ್ರಿ. ಆದ್ರೆ ನನಗೆ ಅರ್ಥ ಆಯ್ತಾ ಅಂತ ಕೇಳಿದ್ರಾ?"

ತನ್ನ ಬಗ್ಗೆ ಹೇಳೋ ನಂಬರು

ಮಲ್ಲೇಶ್ವರಂನಿಂದ ಕಾಲೇಜು ಗಣಿತದ ಮೇಷ್ಟ್ರೊಬ್ಬರು ಹೆಂಡತಿ ಜೊತೆ ಬಂದರು. ಹೊಸ ಮನೆಗೆ 1210 ಬೇಕಂತೆ.

"ಈ ನಂಬರು ತನ್ನ ಬಗ್ಗೆ ತಾನೇ ಹೇಳ್ಕೊಳ್ಳುತ್ತೆ ಕಣ್ರೀ. ಇದರಲ್ಲಿ ಸೊನ್ನೆ ಒಂದು, ಒಂದು ಎರಡು ಸಲ, ಎರಡು ಒಂದು ಸಲ, ಮೂರು ಸೊನ್ನೆ ಸಲ. ಈ ಎಣಿಕೆಗಳನ್ನೇ ಸಾಲಾಗಿ ಬರೀರಿ, 1210!"

ನಾನು ಬೆರಳು ಮಡಚಿ ಎಣಿಸಿದೆ. ನಿಜವೇ. "ಅದೃಷ್ಟ ಸಾರ್, ಇಂಥ ನಂಬರಿನ ಮನೆ ಸಿಕ್ಕಿದ್ದು."

ಹೆಂಡತಿ ಹಣೆ ಚಚ್ಚಿಕೊಂಡರು. "ನಮ್ಮ ಮನೆ ನಂಬರು ನಲವತ್ತೇಳು ಕಣ್ರೀ! ಆ 1210 ತನ್ನ ಬಗ್ಗೆ ಎಲ್ಲಾ ಹೇಳ್ಕೊಳ್ಳುತ್ತೆ, ಪೋಸ್ಟ್‌ಮ್ಯಾನಿಗೆ ನಮ್ಮ ಮನೆ ಯಾವುದು ಅಂತ ಮಾತ್ರ ಹೇಳಲ್ಲ!"

ಎಂಟು ಬೇಡ

ಚಾಮರಾಜಪೇಟೆಯ ಕಲ್ಯಾಣ ಮಂಟಪದ ಮಾಲೀಕರಿಗೆ ಎಂಟು ಆಗಿಬರೋದಿಲ್ಲ ಅಂತ ಜ್ಯೋತಿಷಿ ಹೇಳಿದ್ದರು. ಎಂಟು ಎಲ್ಲೂ ಕಾಣಬಾರದು. ಇದ್ದದ್ದು ಇಪ್ಪತ್ತು ರೂಮು. ಎಂಟು, ಹದಿನೆಂಟು ಬಿಟ್ಟು ಹಾಕಿದಾಗ ಕೊನೇ ಬಾಗಿಲಿಗೆ ಇಪ್ಪತ್ತೆರಡು ಬಂತು.

ಮೊದಲ ಮದುವೆಯ ಬೆಳಿಗ್ಗೆ ಫೋನು. "ತಕ್ಷಣ ಬನ್ರೀ!" ಓಡಿದೆ. ಕೊನೇ ಬಾಗಿಲು ನೋಡಿ ಇಪ್ಪತ್ತೆರಡು ರೂಮಿದೆ ಅಂತ ಮಾಲೀಕರು ಬೀಗರಿಗೆ ಹೇಳಿಬಿಟ್ಟಿದ್ದರು. ಅವರು ಇಪ್ಪತ್ತೆರಡನ್ನೂ ನೆಂಟರಿಗೆ ಹಂಚಿಬಿಟ್ಟಿದ್ದರು, ವರನಿಗೇ ಹದಿನೆಂಟು! ಮುಹೂರ್ತಕ್ಕೆ ಅರ್ಧ ಗಂಟೆ. ಪಾಪ, ಉಗ್ರಾಣದ ಆಲೂಗಡ್ಡೆ ಮೂಟೆಗಳ ನಡುವೆ ನಿಲ್ಲಿಸಿ ಅವನಿಗೆ ಪಂಚೆ ಉಡಿಸ್ತಿದ್ದರು. ಹದಿನೇಳು, ಹತ್ತೊಂಬತ್ತರ ನಡುವಿನ ಗೋಡೆಗೆ ಒರಗಿ ಅವನ ಸೋದರತ್ತೆ ಸೂಟ್‌ಕೇಸಿನ ಮೇಲೆ ಕೂತು, "ನಮ್ಮ ರೂಮು ಕೊಡೋವರೆಗೂ ಏಳಲ್ಲ" ಅಂತಿದ್ದರು.

"ನನ್ನ ಎರಡು ರೂಮು ಎಲ್ರೀ?" ಮಾಲೀಕರು ನನ್ನ ಮೇಲೆ ಹಾರಿದರು.

"ಎಂಟು ಬೇಡ ಅಂದ್ರಲ್ಲ ಸಾರ್, ಅದಕ್ಕೇ ಅವೆರಡು ಇಲ್ಲ."

ಅವರು ಗೋಡೆ ನೋಡಿದರು, ಸೋದರತ್ತೆಯನ್ನ ನೋಡಿದರು, ಆಮೇಲೆ ನನ್ನನ್ನ ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು:

"ಜ್ಯೋತಿಷಿ ಹಾಳಾಗ್ಲಿ. ಎರಡು ಎಂಟು ತಂದು ಹೊಡೀರಿ, ಆ ಎರಡು ರೂಮು ವಾಪಸ್ ಬರ್ಲಿ!"