ಮಾರಾಟಕ್ಕೆ ಸಿಂಗಾರಗೊಂಡ ಮನೆ

ಪಾರ್ವತಿ ನೆಟ್ಟಗಿದ್ದ ಕೊನೆಯ ದಿನ ನಾವಿಬ್ಬರೂ ಗೋಡೆಯ ಬಣ್ಣಕ್ಕಾಗಿ ಜಗಳವಾಡಿದೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡ ಬೇರೆಯವರು ಅಂಥ ದಿನದ ಬಗ್ಗೆ ಏನಾದರೂ ಗಂಭೀರವಾದ ಮಾತನ್ನು ನೆನಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ನಡೆದದ್ದು ಕೆನೆ ಬಣ್ಣವೋ ತಿಳಿ ಹಸಿರೋ ಎಂಬ ಚರ್ಚೆ. ಅವಳು ಬೆಳಕಿಂಡಿಯ ಕೆಳಗೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. “ಕೊಳ್ಳಾರು ಹೆಂಗೂ ತಮಗ ಬೇಕಾದ ಬಣ್ಣ ಹಚ್ಚತಾರ. ನೀವು ಮನಿ ಮಾರಾಕ ಹೊಂಟೀರೋ, ಅದಕ್ಕ ಗಂಡು ಹುಡುಕಾಕ ಹೊಂಟೀರೋ?” ಎಂದಳು. ನಾನು ಕೆನೆ ಬಣ್ಣ ತರಲು ಹೋದೆ.

ಹಗರಿಬೊಮ್ಮನಹಳ್ಳಿಯ ಈ ಮನೆ ಮಾರಿ, ಅವಳ ತವರು ಇಟ್ಟಿಗಿಯಲ್ಲಿ, ತಂಗಿಯ ಮನೆಯ ಪಕ್ಕ ಎರಡು ಕೋಣೆ ಕಟ್ಟಿಕೊಳ್ಳಬೇಕೆಂಬುದು ಅವಳ ಆಸೆ. ನಾನು ನಿವೃತ್ತನಾದ ತಿಂಗಳೇ ತಂಬ್ರಹಳ್ಳಿಯ ಮಾಸ್ತರರೊಬ್ಬರು ಬಂದು, ಮನೆ ಇದ್ದ ಹಾಗೆಯೇ ಸಾಕು, ಕೊಡಿ ಎಂದರು. ಕೊಟ್ಟುಬಿಡಬೇಕಿತ್ತು. ಆದರೆ ಜೀವನವಿಡೀ ಗುಮಾಸ್ತನಾಗಿದ್ದ ನನಗೆ ಯಾವ ಅರ್ಜಿಯನ್ನೂ ಮೊದಲ ಸಲಕ್ಕೇ ಮುಂದೆ ಕಳಿಸಿ ಅಭ್ಯಾಸವಿರಲಿಲ್ಲ. ಸ್ವಲ್ಪ ಸುಧಾರಿಸಿದರೆ ಇನ್ನೂ ಒಳ್ಳೆಯ ಬೆಲೆ ಬರುತ್ತದೆ ಎಂದುಕೊಂಡೆ.

ಮೊದಲು ಕಲ್ಲಿನ ನೆಲದ ಮೇಲೆ ಟೈಲ್ಸ್ ಹಾಕಿಸಿದೆ. ನೆಲ ಎತ್ತರವಾಗಿ ಬಾಗಿಲು ತೆರೆಯದಾಯಿತು. ಬಾಗಿಲಿನ ಅಡಿಯನ್ನು ಕೊಯ್ಯಿಸಿದೆ. ಕೊಯ್ದ ಬಾಗಿಲು ಹೊಸ ನೆಲದ ಮುಂದೆ ಬಡಕಲಾಗಿ ಕಂಡಿತು. ತೇಗದ ಬಾಗಿಲು ಬಂತು. ಅದರ ಪಕ್ಕದಲ್ಲಿ ಗೋಡೆ ಮಂಕಾಯಿತು. “ಒಂದು ಮಾಡಿದ ಮ್ಯಾಲೆ ಇನ್ನೊಂದು ಬಿಡಾಕ ಬರಂಗಿಲ್ರಿ ಸಾಹೇಬ್ರ,” ಎಂದು ಮೇಸ್ತ್ರಿ ಹೇಳುವ ಮೊದಲೇ ನಾನು ಒಪ್ಪಿರುತ್ತಿದ್ದೆ. ಪ್ರತಿ ಸಲವೂ ಪಾರ್ವತಿಗೆ “ಇದೊಂದು ಮುಗೀಲಿ” ಎಂದೆ. ಅವಳು ಎರಡು ವರ್ಷ ತಂಗಿಗೆ ಫೋನಿನಲ್ಲಿ ಅದನ್ನೇ ಹೇಳಿದಳು: “ಇದೊಂದು ಮುಗೀಲಂತವ್ವ, ಬರ್ತೀವಿ.”

ಬಣ್ಣ ತಂದ ಮರುದಿನ ಬೆಳಿಗ್ಗೆ ಅವಳಿಗೆ ಎದೆನೋವು ಬಂತು. ಸಂಜೆಗೆ ಎಲ್ಲ ಮುಗಿದಿತ್ತು. ಹದಿನೈದು ದಿನ ಬಿಟ್ಟು ಮೇಸ್ತ್ರಿ ಬಂದು ಬಣ್ಣ ಹಚ್ಚಿ ಹೋದ. ಬೇಡ ಎನ್ನಲೂ ನನಗೆ ತೋಚಲಿಲ್ಲ. ಹೊಸ ಗೋಡೆಗೆ ಮೊಳೆ ಹೊಡೆದರೆ ಬೆಲೆ ಇಳಿದೀತೆಂದು ಅವಳ ಫೋಟೊವನ್ನು ಬೀರುವಿನಲ್ಲೇ ಇಟ್ಟಿದ್ದೇನೆ. ಇಂಥವನು ನಾನು.

ಈಗ ಬರುವವರೆಲ್ಲ ಮನೆಯನ್ನು ಮೆಚ್ಚುತ್ತಾರೆ. ಗಂಡಸರು ಗೋಡೆ ತಟ್ಟಿ ನೋಡುತ್ತಾರೆ. ಹೆಂಗಸರು ನೇರ ಅಡುಗೆಮನೆಗೆ ಹೋಗಿ ಮನೆಯಾಕೆಯನ್ನು ಹುಡುಕುತ್ತಾರೆ. ಮನೆ ಹೇಗಿದೆಯೆಂದು ಅವರು ಕೇಳುವುದು ಅವಳನ್ನೇ. ಹೋದ ವಾರ ನಮ್ಮ ಸೀಮೆಯದೇ ಆದ ಅರಸೀಕೆರೆಯಿಂದ ಗಂಡನ ಜೊತೆ ಬಂದ ಹೆಣ್ಣುಮಗಳು ನನ್ನನ್ನೇ ಕೇಳಬೇಕಾಯಿತು.

“ಬ್ಯಾಸಗ್ಯಾಗ ಅಡಿಗಿಮನಿ ಭಾಳ ಕಾಯತೈತೇನ್ರಿ?”

“ಹೊಸಾ ಟೈಲ್ಸ್ ಹಾಕಿಸೀನವ್ವ.”

“ಅದಲ್ರಿ. ಒಲಿ ಮುಂದ ನಿಂತ್ರ ಗಾಳಿ ಬರತೈತೋ ಇಲ್ಲೋ?”

ಮೂವತ್ತು ವರ್ಷ ಆ ಒಲೆಯ ಅಡುಗೆ ಉಂಡವನು ನಾನು. ಅದರ ಮುಂದೆ ನಿಂತವನಲ್ಲ.

“ಗಂಡಸರಿಗೆ ಇದೆಲ್ಲ ಏನ್ ಗೊತ್ತಾಗ್ಬೇಕ್ರಿ. ನಿಮ್ಮ ಮನಿಯಾಕಿ ಎಲ್ಲಿ ಅದಾರ?”

“ಹೊರಗ ಹೋಗ್ಯಾಳವ್ವ,” ಎಂದುಬಿಟ್ಟೆ. ಯಾಕೆ ಹಾಗೆಂದೆನೋ ತಿಳಿಯದು.

“ಬರಲಿ ಬಿಡ್ರಿ, ಕುಂತಿರ್ತೀವಿ,” ಎಂದು ಆಕೆ ಕುಳಿತಳು. ನಾನೂ ಅವರ ಜೊತೆ ಕುಳಿತು ಕಾದೆ. ಪಾರ್ವತಿ ಬರಲಿಲ್ಲ.